ನಡುಮನೆಯ ತೇಗದ ಕಂಬ

ಚಾಮರಾಜನಗರ
೯ ಮಾರ್ಚ್ ೨೦೨೪

ಮಗಳು ಪವಿತ್ರಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ನೀನು ಗುಂಡ್ಲುಪೇಟೆಯಿಂದ ದಿನಕ್ಕೆರಡು ಸಲ ಫೋನ್ ಮಾಡಿದರೂ ನಾನು "ಚೆನ್ನಾಗಿವ್ನಿ ಕಣಮ್ಮಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಬೇಜಾರು ಮಾಡಿಕೊಳ್ಳಬೇಡ. ಬಾಯಲ್ಲಿ ಹೇಳಲಾಗದ್ದನ್ನು ಹದಿನೈದು ದಿನ ತಡವಾಗಿ ಬರೆಯುತ್ತಿದ್ದೇನೆ.

ಅರಿಸಿನದ ವ್ಯಾಪಾರ ಮಾಡುತ್ತಿದ್ದ ನಮ್ಮ ತಾತ ಕಟ್ಟಿಸಿದ, ನಾನು ಜನ ನೋಡಲೆಂದು ತೆರೆದಿಟ್ಟ ಮರದ ಮನೆಯನ್ನು ಕೆಡವುವಂತಿಲ್ಲ ಎಂದು ಕೋರ್ಟು ಹೇಳಿತಲ್ಲ, ಅದರ ಮಾರನೆಯ ದಿನವೇ ನಿನ್ನ ಸೋದರಮಾವ ಮಲ್ಲಿಕಾರ್ಜುನ ಕೊಡಲಿ ಹಿಡಿದು ಬಂದ. ಬೆಳಿಗ್ಗೆ ಹನ್ನೊಂದು ಗಂಟೆ. ಮನೆ ನೋಡಲು ಬಂದಿದ್ದ ಶಾಲೆಯ ಮಕ್ಕಳು ಆಗಷ್ಟೇ ಹೊರಟಿದ್ದರು, ದೇವರು ದೊಡ್ಡವನು. ಅಕ್ಕಪಕ್ಕ ಮೂರಂತಸ್ತಿನ ಅಂಗಡಿಗಳು ಎದ್ದಿರುವಾಗ ತನ್ನ ಪಾಲು ಮಾತ್ರ ಮ್ಯೂಸಿಯಂ ಆಯಿತೆಂಬ ಉರಿ ಅವನಿಗೆ. ಕಾವಲುಗಾರ ಪುಟ್ಟಮಾದು ನಡುಮನೆಯ ಕಂಬ ಒರೆಸುತ್ತಿದ್ದುದನ್ನು ಕಂಡು ಇನ್ನಷ್ಟು ಕೆರಳಿದ.

"ಇವ್ನಪ್ಪ ಜಗಲಿ ಕೆಳ್ಗೆ ನಿಲ್ತಿದ್ದ. ಇವ್ನ್ ಕೈಗೆ ಬೀಗದ ಕೈ ಕೊಟ್ಬುಟ್ಟಿದ್ದೀಯಲ್ಲಕ್ಕ!" ಎಂದವನೇ ಕಂಬಕ್ಕೆ ಬೀಸಿದ. ತೇಗದ ಚಕ್ಕೆ ಸಿಡಿದು ನನ್ನ ಕೆನ್ನೆಗೆ ಬಡಿಯಿತು.

ಪುಟ್ಟಮಾದು ಕಂಬವನ್ನು ತಬ್ಬಿಕೊಂಡ. "ಬ್ಯಾಡಿ ಬುದ್ಧಿ, ನಿಮ್ ತಾತ್ನೋರು ಕಟ್ಸಿದ್ ಮನೆ ಕಣಿ."

"ಕೈ ತಗೀಲಾ!"

ತೆಗೆಯುವಷ್ಟು ಹೊತ್ತೂ ಮಲ್ಲಿಕಾರ್ಜುನ ಕಾಯಲಿಲ್ಲ. ಎಡಗೈಯ ಎರಡು ಬೆರಳು ನೆಲಕ್ಕೆ ಬಿದ್ದವು. ಪುಟ್ಟಮಾದು ಹಾಗೇ ಕುಸಿದು ಕೂತ.

ಮಲ್ಲಿಕಾರ್ಜುನ ಅಷ್ಟಕ್ಕೇ ಬಿಡದೆ ಬಾಗಿಲಿನ ಕೆತ್ತನೆಯನ್ನೆಲ್ಲ ಕೊಚ್ಚತೊಡಗಿದ. ನೋಡುವವರಿಗೆಂದು ಮೂಲೆಯಲ್ಲಿಟ್ಟಿದ್ದ ಒನಕೆ ತೆಗೆದು ಬೆನ್ನಿಗೆ ಬಾರಿಸಿದೆ. ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ ಕಣವ್ವ ಅವನು. ತಿರುಗಿ ನನ್ನ ಹೊಟ್ಟೆಗೆ ಒದ್ದ. ಎದ್ದು ಇನ್ನೊಂದು ಹಾಕಿದೆ, ಅವನ ಭುಜದ ಮೂಳೆ ಲಟಕ್ಕೆಂದಿತು. ಪಕ್ಕದ ಬೇಕರಿಯವರು ಓಡಿಬಂದು ಹಿಡಿಯದಿದ್ದರೆ ತಲೆಗೇ ಹೊಡೆಯುತ್ತಿದ್ದೆ.

ಅವನೀಗ ಜೈಲಿನಲ್ಲಿದ್ದಾನೆ. ಮೈಸೂರಿಗೆ ಕರೆದುಕೊಂಡು ಹೋದರೂ ಪುಟ್ಟಮಾದುವಿನ ಬೆರಳು ಕೂಡಿಕೊಳ್ಳಲಿಲ್ಲ. ಅವನ ಹೆಂಡತಿ ಮೂಗಮ್ಮ ನಿನ್ನೆ ಬಂದಿದ್ದಳು. ಒಳಗೆ ಬಾ ಎಂದರೂ ಬರದೆ, ಬೀಗದ ಕೈಯನ್ನು ಜಗಲಿಯ ಮೇಲಿಟ್ಟು, "ಇನ್ಮ್ಯಾಕೆ ಅವ್ರು ಬರಾಕಿಲ್ಲ ಕಣವ್ವ" ಎಂದು ಹೇಳಿ ಹೋದಳು.

ನಿನ್ನನ್ನೂ ಅಳಿಯಂದಿರನ್ನೂ ಮಾದಪ್ಪ ತಂಪಾಗಿಟ್ಟಿರಲಿ.

ನಿನ್ನ ಅವ್ವ,
ಶಾಂತಮಲ್ಲಮ್ಮ

ತಾ.ಕ.: ಪುಟ್ಟಮಾದು ಯಾಕೆ ಬರುವುದಿಲ್ಲವೆಂದು ನನಗೆ ಗೊತ್ತು. ಅವನು ರಕ್ತದಲ್ಲಿ ಕುಸಿದಾಗ ನಾನು ಅವನ ಹತ್ತಿರ ಓಡಿದೆ, ನಿಜ. ಆದರೆ ನನ್ನ ಕೈ ಮೊದಲು ಮುಟ್ಟಿದ್ದು ಕಂಬಕ್ಕೆ ಬಿದ್ದ ಕಚ್ಚನ್ನು. ಎಷ್ಟು ಆಳ ಹೋಗಿದೆ ಎಂದು ಬೆರಳಿಟ್ಟು ನೋಡಿದೆ, ಪವಿತ್ರ. ಅವನು ಕೆಳಗೆ ಕೂತು ನನ್ನನ್ನೇ ನೋಡುತ್ತಿದ್ದ.