ತೊಂಬತ್ತೇಳಕ್ಕೇ ನಿಂತ ಪರದೆ

ಪ್ರೀತಿಯ ಅಣ್ಣ,

‘ಪ್ರೀತಿಯ’ ಎಂದು ಬರೆದು ಒಮ್ಮೆ ಹೊಡೆದುಹಾಕಿದೆ, ಮತ್ತೆ ಬರೆದೆ. ನೀನು ಫೋನ್ ತೆಗೆಯುತ್ತಿಲ್ಲ. ಆಸ್ಪತ್ರೆಯ ಕೆಲಸವನ್ನೇ ಬಿಟ್ಟು ಹೊರಟೆಯಂತೆ.

ಮೊನ್ನೆ ತಾನೇ ನೀನು ನನ್ನ ಕೂಸಿನ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ನನ್ನನ್ನು ನಗಿಸಿದ್ದೆ. ಶಿಶು ವಾರ್ಡಿನ ಕಂಪ್ಯೂಟರುಗಳಿಗೆಲ್ಲ ಹೊಸ ಕರ್ನಲ್ ಹಾಕಿ ಮುಗಿಸಿ ಬಂದಿದ್ದೆ. “ಅದು ಕಂಪ್ಯೂಟರ್ ಒಳಗಿನ ಯಜಮಾನ ಕಣೇ. ತಯಾರು ಮಾಡುವಾಗ ಒಂದೊಂದಕ್ಕೂ ಬೇಕಾ ಬೇಡ್ವಾ ಅಂತ ಪ್ರಾಣ ತಿನ್ನುತ್ತೆ, ನಿಮ್ಮತ್ತೇನೇ ವಾಸಿ” ಎಂದೆ. ಹಳೇ ಕಾರ್ಡು ಸಿಕ್ಕಿಸುವ ಸ್ಲಾಟುಗಳಿಗೆ ಬೆಂಬಲ ಬೇಕೇ ಎಂದೂ ಕೇಳಿತಂತೆ. “ಐಎಸ್‌ಎ ಅಂತೆ! ನಾವು ಚಡ್ಡಿ ಹಾಕ್ತಿದ್ದ ಕಾಲದ್ದು. ಬೇಡ ಅಂದೆ. ಈಗ ಯಾರ ಹತ್ರ ಇದೆ ಹೇಳು?”

ಇತ್ತು ಅಣ್ಣ. ನನ್ನ ಕೂಸಿನ ತಲೆದೆಸೆಯಲ್ಲೇ ಇತ್ತು.

ರಕ್ತದ ಆಮ್ಲಜನಕ ಅಳೆಯಲು ಅವಳ ಪಾದಕ್ಕೆ ಸುತ್ತಿದ್ದ ತಂತಿ ಹೋಗಿ ಸೇರುತ್ತಿದ್ದುದು ಅಂಥದೇ ಒಂದು ಕಾರ್ಡಿಗೆ. ಹೊಸ ಯಜಮಾನನಿಗೆ ಆ ಕಾರ್ಡು ಕಾಣಲೇ ಇಲ್ಲ. ಕಾಣುತ್ತಿಲ್ಲ ಎಂದು ಕಿರುಚಿಕೊಂಡಿದ್ದರೂ ಸಾಕಿತ್ತು. ಪರದೆಯ ದರಿದ್ರ ಪ್ರೋಗ್ರಾಂ, ಕಂಪ್ಯೂಟರ್ ಆರಿಸುವ ಮುಂಚೆ ತಾನು ಉಳಿಸಿಕೊಂಡಿದ್ದ ಆಮ್ಲಜನಕದ ಅಂಕಿಯನ್ನೇ ಹಸಿರು ಬಣ್ಣದಲ್ಲಿ ತೋರಿಸುತ್ತ ಕುಳಿತಿತ್ತು. ತೊಂಬತ್ತೇಳು.

ನಿದ್ದೆಗೆಟ್ಟ ತಾಯಿಗೆ ಪರದೆ ನೋಡುವುದೇ ಉದ್ಯೋಗ. ಕೂಸು ಅತ್ತರೂ ತೊಂಬತ್ತೇಳು, ಸೀನಿದರೂ ತೊಂಬತ್ತೇಳು. “ಸಿಸ್ಟರ್, ಇದು ಅಲ್ಲಾಡ್ತಾನೇ ಇಲ್ಲ” ಅಂದೆ. “ಚೆನ್ನಾಗಿದ್ರೂ ಗಾಬರಿನಾ? ಸ್ವಲ್ಪ ಮಲ್ಕೊಳಮ್ಮ” ಎಂದರು. ಪಾಪ, ಅವರು ನಂಬಿದ್ದು ಆ ಹಸಿರನ್ನು. ನಾನು ತಿರುಗಿ ನೋಡುವಾಗ ಕೂಸಿನ ತುಟಿ ನೀಲಿಗಟ್ಟಿತ್ತು. ಪರದೆ ಮಾತ್ರ ತೊಂಬತ್ತೇಳು! ಸಿಸ್ಟರ್ ಓಡಿ ಬಂದು ಅಂಗಾಲು ತಟ್ಟಿದರು, ಬೆನ್ನು ಉಜ್ಜಿದರು. ಕೊನೆಗೂ ಅವಳು ಅತ್ತಳು. ನನಗೆ ಅಳಲೂ ಆಗಲಿಲ್ಲ, ಗರಬಡಿದವಳ ಹಾಗೆ ನಿಂತಿದ್ದೆ. ಈಗಲೂ ಹಾಗೇ ಇದ್ದೇನೆ.

ನೀನು ಬಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಒಳಗಿನ ಉದ್ದನೆಯ ಕಾರ್ಡನ್ನು ಬೆರಳಿಟ್ಟು ತೋರಿಸಿದೆ. “ನಾನೇ ಕಣೇ” ಎಂದದ್ದಷ್ಟೇ. ಅದೊಂದಕ್ಕೆ ಹಳೇ ಕರ್ನಲ್ ವಾಪಸ್ ಹಾಕಿ, ನನ್ನ ಮುಖವನ್ನೂ ನೋಡದೆ ಹೋಗಿಬಿಟ್ಟೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಏಳುತ್ತಿಲ್ಲ. ಬೈಯಲು ಬಾಯಿಯೂ ಬರುತ್ತಿಲ್ಲ. ಆದರೆ ಪಕ್ಕದ ಪೆಟ್ಟಿಗೆಗಳ ಪರದೆಗಳೂ ಹಸಿರಾಗಿಯೇ ಇವೆಯಲ್ಲ, ನಿಜವೋ ಸುಳ್ಳೋ ಯಾರಿಗೆ ಗೊತ್ತು! ಸಿಸ್ಟರುಗಳು ಈಗ ಅವನ್ನು ನಂಬದೆ ಕೂಸುಗಳ ಮೈ ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ. ಇಬ್ಬರೇ ಎಷ್ಟೆಂದು ಓಡಾಡಿಯಾರು? ಹಳೇ ಕರ್ನಲ್ ವಾಪಸ್ ಹಾಕುವುದು ಹೇಗೆ ಎಂಬುದು ನಿನಗಲ್ಲದೆ ಬೇರೆಯವರಿಗೆ ಗೊತ್ತಿಲ್ಲ. ನಾಚಿಕೆಪಡಲು ನಿನಗೆ ಆಯುಷ್ಯವಿಡೀ ಇದೆ, ಆ ಕೂಸುಗಳಿಗೆ ಅಷ್ಟು ಹೊತ್ತಿಲ್ಲ.

ಬಾ. ಈ ಸಲ ಯಾರ ಹತ್ತಿರ ಇದೆ ಎಂದು ಕೇಳಬೇಡ, ಒಂದೊಂದು ಡಬ್ಬಿಯನ್ನೂ ಬಿಚ್ಚಿ ಕಣ್ಣಾರೆ ನೋಡು. ಆಮೇಲೆ ದೊಡ್ಡ ಡಾಕ್ಟರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳು. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ.

ನೀನು ಮುಟ್ಟಿದ ಪ್ರತಿಯೊಂದು ಪರದೆಯ ಹಿಂದೆಯೂ ಉಸಿರಾಡುವ ಕೂಸಿರಲಿ.

ನಿನ್ನ ಮೇಲೆ ಇನ್ನೂ ಕೋಪವಿರುವ,
ನಿನ್ನದೇ ತಂಗಿ