ಅತ್ತೆ ಆರಿಸಿದ ನೀಲಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.20

ಹಾಲು ಕಾಯುವಷ್ಟರಲ್ಲಿ ನಾಲ್ಕು ಸಾಲು. ಈ ವಾರವೂ ಅದೇ ಕೆಲಸ — ಕಲರ್ ಪಿಕ್ಕರ್. ನಮ್ಮ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಬಣ್ಣ ಆರಿಸುವ ಆ ಚೌಕ. ದೂರು ಮುನ್ನೂರು ದಾಟಿದೆ, ಎಲ್ಲರದೂ ಒಂದೇ ಗೋಳು: ಬೇಕಾದ ಬಣ್ಣದ ಹತ್ತಿರ ಹೋಗ್ತೀವಿ, ಸಿಗಲ್ಲ. ನಿಜವೇ. ಮೌಸ್ ಕೂದಲೆಳೆಯಷ್ಟು ಸರಿದರೆ ಎಲೆಹಸಿರು ಹೋಗಿ ಪಾಚಿ.

ಚೌಕ ತೆಗೆದು ಚಕ್ರ ಮಾಡಬೇಕಂತೆ. ನಮ್ಮ ಟೀಮಿನ ಹೆಡ್ ಹೇಳಿದ್ದು. "ನೋಡೋಕೆ ಚೆನ್ನಾಗಿರುತ್ತೆ." ನೋಡಲು ಚೆನ್ನಾಗಿರುವುದು ಬೇರೆ, ಕೈಗೆ ಸಿಗುವುದು ಬೇರೆ.

ಹಾಲು ಉಕ್ಕಿತು.

ಮಾರ್ಚ್ 5, ಬುಧವಾರ. ಸಂಜೆ

ಅತ್ತೆಯನ್ನು ಕರೆತರಲು ಟೈಲರ್ ಅಂಗಡಿಗೆ ಹೋಗಿದ್ದೆ. ಮೂವತ್ತು ವರ್ಷ ನೂಲಿನ ಅಂಗಡಿಯಲ್ಲಿದ್ದವರು. ಈಗ ಎಪ್ಪತ್ತೊಂದು. ಸುಮ್ಮನೆ ಕೂರಲಾರೆ ಎಂದು ದಿನಕ್ಕೆರಡು ಗಂಟೆ ಅಲ್ಲಿ ಬಟ್ಟೆಗೆ ಹೊಂದುವ ನೂಲು ಹುಡುಕಿ ಕೊಡುತ್ತಾರೆ. ಇವತ್ತು ಮೊದಲ ಸಲ ಗಮನವಿಟ್ಟು ನೋಡಿದೆ. ಬಟ್ಟೆಯ ಮೇಲೆ ಒಂದೇ ಎಳೆ ಇಡುವುದಿಲ್ಲ. ಮೂರು. ಒಂದನ್ನು ತೆಗೆದು ಬದಿಗೆ ಹಾಕುತ್ತಾರೆ, ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಮತ್ತೆ ಒಂದು ಹೋಗುತ್ತದೆ.

"ಸರಿಯಾದ್ದು ಯಾವ್ದು ಅಂತ ಹೇಗೆ ಗೊತ್ತಾಗುತ್ತೆ?" ಕೇಳಿದೆ.

"ಸರಿಯಾದ್ದು ಯಾರಿಗೂ ಗೊತ್ತಾಗಲ್ಲ ಕಣಮ್ಮ. ಅಲ್ಲದ್ದು ಗೊತ್ತಾಗುತ್ತೆ. ಅದನ್ನ ತೆಗೀತಾ ಹೋಗು."

ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆಯೇ ಬರೆದುಕೊಂಡೆ. ಚೌಕವೂ ಬೇಡ, ಚಕ್ರವೂ ಬೇಡ. ಮನಸ್ಸಿನಲ್ಲಿರುವ ಬಣ್ಣಕ್ಕೆ ಹತ್ತಿರದ ಮೂರನ್ನು ತೋರಿಸುವುದು. ಅಲ್ಲದ್ದನ್ನು ಒತ್ತಿದರೆ ಅದು ಹೋಗಿ ಇನ್ನೂ ಹತ್ತಿರದ್ದು ಬರಬೇಕು...

ಮಾರ್ಚ್ 11, ಮಂಗಳವಾರ

ಟಿಕೆಟ್ಟಿನ ಹಿಂದೆ ಬರೆದದ್ದನ್ನು ಕಚ್ಚಾ ಆಗಿ ಮಾಡಿ, ಭಾನುವಾರ ಅತ್ತೆಯನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ದೆ. ಹನ್ನೆರಡು ಮಾದರಿ ಬಣ್ಣ, ಪ್ರತಿಯೊಂದಕ್ಕೂ ಜೋಡಿ ಹುಡುಕಬೇಕು. ಹನ್ನೊಂದು ನಿಮಿಷಕ್ಕೆ ಮುಗಿಸಿ ಕೈ ಕೊಡವಿಕೊಂಡರು. ಹಳೇ ಚೌಕದಲ್ಲಿ ಆಫೀಸಿನ ಡಿಸೈನರ್‌ಗಳೇ ಅರ್ಧ ಗಂಟೆ ತಿಣುಕಿದ್ದರು.

ಇವತ್ತು ಹೆಡ್‌ಗೆ ತೋರಿಸಿದೆ. ಕುರ್ಚಿ ಎಳೆದುಕೊಂಡು ಕೂತರು — ಅದೇ ಅವರ ಮೆಚ್ಚುಗೆ. "ಎಪ್ಪತ್ತೊಂದು ವರ್ಷದವರು, ಹನ್ನೊಂದು ನಿಮಿಷ. ಇದೇ ಮೊದಲನೇ ಸ್ಲೈಡ್. ಸೋಮವಾರ ಮೇಲಿನವರ ಮುಂದೆ ಇಡೋಣ." ಚಕ್ರದ ಸುದ್ದಿಯೇ ಇಲ್ಲ.

ಅತ್ತೆಗೆ ಹೇಳಿದೆ. "ನಾನು ಸ್ಲೈಡಾ?" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಮ್ಮಿಬ್ಬರಿಗೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಇವತ್ತು ಅಡುಗೆಮನೆಯಲ್ಲಿ ಎದುರುಬದುರು ಕೂತು ಟೀ ಕುಡಿದೆವು.

ಮಾರ್ಚ್ 13, ಗುರುವಾರ

ಟೈಲರ್ ಫೋನ್. ಅತ್ತೆಗಲ್ಲ, ನನಗೆ. ಮೆತ್ತಗೆ ಮಾತಾಡುವ ಮನುಷ್ಯ, ಇನ್ನೂ ಮೆತ್ತಗಾಗಿದ್ದರು.

"ಅಮ್ಮನಿಗೆ ಹೇಳೋಕೆ ನಾಲಿಗೆ ಏಳ್ತಿಲ್ಲ. ಕಡುನೀಲಿ ಕೋಟು, ಕಪ್ಪು ನೂಲು ಕೊಟ್ಟಿದ್ದಾರೆ. ಇದು ಮೂರನೇ ಸಲ."

ಫೋನ್ ಇಟ್ಟು ಭಾನುವಾರದ ಫೈಲ್ ತೆಗೆದೆ. ಗಡಿಯಾರ ನೋಡಿದ್ದೆನೇ ಹೊರತು ಆರಿಸಿದ ಬಣ್ಣ ನೋಡಿರಲಿಲ್ಲ. ಹನ್ನೆರಡರಲ್ಲಿ ಐದು ತಪ್ಪು. ಐದೂ ನೀಲಿ, ನೇರಳೆ. ಒಂದು ಕಡೆಯಂತೂ ತಿಳಿನೇರಳೆಗೆ ಬರೀ ಬೂದು.

ಹೆದರಿಕೆಯಾಯಿತು. ಯಾರಿಗಾಗಿ ಎಂದು ಪ್ರಾಮಾಣಿಕವಾಗಿ ಬರೆಯಬೇಕೆಂದರೆ — ಮೊದಲು ಸ್ಲೈಡಿಗಾಗಿ. ಆಮೇಲೆ ಅತ್ತೆಗಾಗಿ.

ಮಾರ್ಚ್ 14, ಶುಕ್ರವಾರ

ಅತ್ತೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಕೋಟಿನ ವಿಷಯ ಹೇಳಿದೆ.

"ಗೊತ್ತು" ಎಂದರು, ಬಟ್ಟೆ ಮಡಚುತ್ತಲೇ. "ಎರಡು ವರ್ಷ ಆಯ್ತು. ರೀಲಿನ ಮೇಲಿನ ನಂಬರ್ ನೋಡಿ ಕೊಡ್ತಿದ್ದೆ. ಹೋದ ತಿಂಗಳು ಟೈಲರ್ ಬೇರೆ ಕಡೆಯ ನೂಲು ತರಿಸಿದ. ನಂಬರೆಲ್ಲ ಬದಲಾಗಿಹೋಯ್ತು."

"ಮತ್ತೆ ಆವತ್ತು ಮೂರು ಎಳೆ ಇಟ್ಟು ನೋಡ್ತಿದ್ರಲ್ಲ?"

"ಅದು ಕೈಗೆ ಅಭ್ಯಾಸ. ಕಣ್ಣಿಗೆ ಮೂರೂ ಒಂದೇ."

ಡಾಕ್ಟರ್ ಪೊರೆ ಎಂದಿದ್ದಾರಂತೆ. ಎರಡೂ ಕಣ್ಣಿಗೆ. ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳಲು ಭಯವಂತೆ. ಮಗನಿಗೆ ಹೇಳಬೇಡ ಎಂದರು. "ಅವನು ಮೊದ್ಲು ಅಂಗಡಿ ಬಿಡಿಸ್ತಾನೆ, ಆಮೇಲೆ ಮಿಕ್ಕಿದ್ದು."

ನನ್ನ ಬುಟ್ಟಿಯಲ್ಲೂ ಹಾವಿತ್ತು. ಬಿಚ್ಚಿದೆ. "ನೀವು ತಪ್ಪು ಆರಿಸಿದ್ದನ್ನ ನಾನು ಸರಿ ಅಂತ ಆಫೀಸಲ್ಲಿ ತೋರಿಸಿಬಿಟ್ಟಿದ್ದೀನಿ. ನೋಡಿರ್ಲಿಲ್ಲ. ಈಗ ನೋಡಿದ ಮೇಲೂ ಸುಮ್ಮನಿದ್ದೀನಿ."

ಮಡಚಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು.

"ಹಾಗಾದ್ರೆ ಇಬ್ಬರೂ ಹೇಳೋಣ. ನೀನು ಆಫೀಸಲ್ಲಿ, ನಾನು ಮಗನ ಹತ್ರ." ಟವೆಲನ್ನು ಪಕ್ಕಕ್ಕಿಟ್ಟು, "ನೀನು ಮೊದ್ಲು."

ಮಾರ್ಚ್ 17, ಸೋಮವಾರ. ಮಧ್ಯಾಹ್ನ 2.30

ಹೇಳಿದೆ. ಮೀಟಿಂಗಿಗೆ ಅರ್ಧ ಗಂಟೆ ಇತ್ತು. ಹೆಡ್ ಲ್ಯಾಪ್‌ಟಾಪ್ ಅರ್ಧ ಮುಚ್ಚಿದರು.

"ಇದನ್ನ ನಾಳೆ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಅದಕ್ಕೇ ಇವತ್ತು ಹೇಳ್ದೆ."

ಸ್ಲೈಡ್ ಹೋಯಿತು. ಆರು ವಾರ ಕೊಟ್ಟಿದ್ದಾರೆ. ಅಷ್ಟರಲ್ಲಿ ಗಟ್ಟಿ ಪುರಾವೆ ತರದಿದ್ದರೆ ಚಕ್ರವೇ. ಊಟಕ್ಕೆ ಹೋಗುವಾಗ ಯಾರೂ ಕರೆಯಲಿಲ್ಲ.

ಅತ್ತೆಗೆ ಮೆಸೇಜ್ ಹಾಕಿದೆ: ಹೇಳಿದೆ. ಹತ್ತು ನಿಮಿಷದ ಮೇಲೆ ಉತ್ತರ: ನಾನೂ.

ಏಪ್ರಿಲ್ 4, ಶುಕ್ರವಾರ

ಅತ್ತೆಯ ಬಲಗಣ್ಣಿನ ಆಪರೇಷನ್ ಆಗಿ ಮೂರು ದಿನ. ಸುಸೂತ್ರ. ಇವರು — ಅತ್ತೆಯ ಮಗ — ತಮಗೆ ತಡವಾಗಿ ಗೊತ್ತಾಯಿತೆಂದು ನನ್ನ ಮೇಲೂ ಅಮ್ಮನ ಮೇಲೂ ಎರಡು ದಿನ ಮುಖ ಊದಿಸಿಕೊಂಡಿದ್ದರು. ಈಗ ಗಂಟೆಗಂಟೆಗೂ ಕಣ್ಣಿಗೆ ಡ್ರಾಪ್ಸ್ ಹಾಕುವವರೂ ಅವರೇ. ಅಂಗಡಿ ಬಿಡಿಸುವ ಮಾತೆತ್ತಲಿಲ್ಲ.

ಅತ್ತೆ ಹಾಸಿಗೆಯ ಮೇಲೆ ಕೂತು ಒಂದು ಕಣ್ಣು ಮುಚ್ಚುವುದು, ಇನ್ನೊಂದು ಮುಚ್ಚುವುದು. "ಹೊಸ ಕಣ್ಣಲ್ಲಿ ಹಾಳೆ ಬಿಳಿ. ಹಳೇದ್ರಲ್ಲಿ ಟೀ ಚೆಲ್ಲಿದ ಹಾಗಿದೆ. ನಾನು ಇಷ್ಟು ದಿನ ಟೀ ಒಳಗೇ ಇದ್ನಾ?"

ಏಪ್ರಿಲ್ 20, ಭಾನುವಾರ

ಮತ್ತೆ ಅದೇ ಹನ್ನೆರಡು. ಹೊಸ ಕಣ್ಣು ಮಾತ್ರ, ಹಳೆಯದಕ್ಕೆ ಕರವಸ್ತ್ರ. ಹನ್ನೆರಡೂ ಸರಿ. ಆದರೆ ಮೂವತ್ತನಾಲ್ಕು ನಿಮಿಷ.

ಆಗ ಬೇಗ ಮುಗಿದದ್ದು ನನ್ನ ಜಾಣತನದಿಂದಲ್ಲ. ವ್ಯತ್ಯಾಸ ಕಾಣದವರಿಗೆ ಅನುಮಾನವೇ ಇರುವುದಿಲ್ಲ.

ಮುಗಿಸಿ ಎದ್ದವರು ಬೈದೇ ಎದ್ದರು. "ಸುತ್ತ ಇಷ್ಟು ಬಿಳಿ ಇಟ್ರೆ ಯಾವ ಬಣ್ಣ ಬದುಕುತ್ತೆ? ಅಂಗಡಿ ಮೇಜಿನ ಮೇಲೆ ನಾವು ಬೂದು ಬಟ್ಟೆ ಹಾಸ್ತಿದ್ವಿ. ಅಷ್ಟೂ ತಿಳಿಯಲ್ವಾ ನಿಮ್ಮ ಕಂಪ್ಯೂಟರ್‌ನೋರಿಗೆ?"

ತಿಳಿದಿರಲಿಲ್ಲ.

ಏಪ್ರಿಲ್ 25, ಶುಕ್ರವಾರ

ಹಿನ್ನೆಲೆ ಬೂದು ಮಾಡಿದೆ. ಮಾದರಿಯ ಪಕ್ಕಕ್ಕೇ ಅಂಟಿಕೊಂಡಂತೆ ಮೂರು ಬಣ್ಣ, ನಡುವೆ ಗೆರೆ ಇಲ್ಲ. ಒಂಬತ್ತು ಜನರಿಂದ ಮಾಡಿಸಿದೆ, ಈ ಸಲ ಒಂದೊಂದು ಉತ್ತರವನ್ನೂ ತೆಗೆದು ನೋಡಿದೆ. ಸರಾಸರಿ ಹತ್ತೊಂಬತ್ತು ನಿಮಿಷ. ತಪ್ಪು ತೀರಾ ಕಡಿಮೆ.

ಹೆಡ್ ಪೂರ್ತಿ ಓದಿದರು. "ಹನ್ನೊಂದರಷ್ಟು ಚಂದ ಇಲ್ಲ. ಆದ್ರೆ ನಿಜ. ಬಿಡುಗಡೆಗೆ ಹಾಕು." ಹೊರಡುವಾಗ ಊಟಕ್ಕೆ ಬರ್ತೀಯಾ ಎಂದರು.

ಏಪ್ರಿಲ್ 30, ಬುಧವಾರ. ಬೆಳಿಗ್ಗೆ 7.50

ಇವತ್ತು ಎಡಗಣ್ಣು. ಗಾಡಿ ಎಂಟಕ್ಕೆ. ಅತ್ತೆ ಏಳಕ್ಕೇ ತಯಾರಾಗಿ ಬಂದು ನನ್ನ ಮೇಜಿನ ಹತ್ತಿರ ಕೂತರು.

"ಮಧ್ಯಾಹ್ನದ ಮೇಲೆ ಹಳೇ ಬಣ್ಣ ಎಲ್ಲೂ ಇರಲ್ಲ, ಅಲ್ವಾ?"

"ಇರಲ್ಲ."

"ಒಂದನ್ನಾದ್ರೂ ತೆಗೆದಿಡ್ಬೇಕು. ನಿನ್ನ ಕಂಪ್ಯೂಟರ್ ಪೆಟ್ಟಿಗೆ ತೆಗಿ."

ಕಿಟಕಿ ಪರದೆಯದ್ದೋ ಹೊದಿಕೆಯದ್ದೋ ಬಣ್ಣ ಎಂದುಕೊಂಡೆ. ಭುಜ ಹಿಡಿದು ನನ್ನನ್ನೇ ಕಿಟಕಿಯ ಬೆಳಕಿಗೆ ತಿರುಗಿಸಿದರು. "ನಿನ್ನ ನೋಡಿದ್ದೆಲ್ಲ ಈ ಕಣ್ಣಲ್ಲೇ. ನಾಳೆಯಿಂದ ಬೇರೆ ಥರ ಕಾಣ್ತೀಯ. ಇನ್ನೂ ಚೆನ್ನಾಗೇ ಕಾಣಬಹುದು, ಅದು ಬೇರೆ ಮಾತು. ಅಲ್ಲಾಡ್ಬೇಡ."

ಹೊಸ ಕಣ್ಣು ಮುಚ್ಚಿ ನನ್ನ ಕೆನ್ನೆ ನೋಡುವರು. ಹಳೆಯದನ್ನು ಮುಚ್ಚಿ ಲ್ಯಾಪ್‌ಟಾಪ್ ನೋಡುವರು. ಇದಲ್ಲ. ಇದೂ ಅಲ್ಲ. ಇದು ಸ್ವಲ್ಪ... ಊಹೂಂ. ಮುಕ್ಕಾಲು ಗಂಟೆ. ನಾನು ಇಷ್ಟು ಹೊತ್ತು ಯಾರ ಮುಂದೆಯೂ ಮುಖ ಹಿಡಿದು ಕೂತಿಲ್ಲ. ಕೊನೆಗೆ ಒಂದರ ಮೇಲೆ ಬೆರಳಿಟ್ಟರು. ಜೇನಿನ ಹತ್ತಿರದ್ದು, ಒಂದಿಷ್ಟು ಮಂಕು. ಕನ್ನಡಿಯಲ್ಲಿ ನಾನೆಂದೂ ಕಾಣದ ಬಣ್ಣ.

ಉಳಿಸಲು ಹೋದರೆ ಹೆಸರು ಕೇಳಿತು. "ಏನಂತ ಹಾಕ್ಲಿ?"

"ತಡಿ, ಯೋಚ್ನೆ ಮಾಡ್ತೀನಿ" ಎನ್ನುತ್ತ ಚಪ್ಪಲಿ ಹುಡುಕಲು ಹೋದರು. ಅಷ್ಟರಲ್ಲಿ ಇಷ್ಟು ಬರೆದೆ. ಗಾಡಿ ಬಂತು. ಬಾಗಿಲಿನಿಂದ ಕರೆಯುತ್ತಿದ್ದಾರೆ. ಹೆಸರು ಸಿಕ್ಕಿತಂತೆ, ಮೊದಲು ಅದನ್ನು ಬರೆ ಎಂದು —