ಈರುಳ್ಳಿ ಬೇರಿನಲ್ಲಿ ಕಂಡದ್ದು

ತಮ್ಮಾ,

ಸತ್ತವನ ಮೇಲೂ ಇಷ್ಟು ಸಿಟ್ಟು ಬರುತ್ತದೆಂದು ಗೊತ್ತಿರಲಿಲ್ಲ ಕಣೋ. ನಿನ್ನ ಮದ್ದಿನ ಬಗ್ಗೆ ಆಡಿಕೊಳ್ಳುವವರ ಬಾಯಿ ಮುಚ್ಚಿಸೋಣವೆಂದು ನಿನ್ನ ಕಷಾಯವನ್ನು ಪರೀಕ್ಷೆಗೆ ಕೊಟ್ಟಿದ್ದೆ. ಇವತ್ತು ಲ್ಯಾಬಿಗೆ ಹೋದೆ. ಅದರಲ್ಲಿ ಈರುಳ್ಳಿಯ ಬೇರು ಅದ್ದಿಟ್ಟು ನೋಡಿದರಂತೆ. ಬೇರಿನ ಜೀವಕೋಶಗಳೊಳಗೆ ವರ್ಣತಂತುಗಳೆಲ್ಲ ತುಂಡುತುಂಡು.

"ಬಸುರಿಯರಿಗಂತೂ ಬೇಡವೇ ಬೇಡ ಅಂತ ಹೋದ ವರ್ಷ ಇದನ್ನೇ ಪರೀಕ್ಷೆಗೆ ತಂದಾಗಲೇ ನಿಮ್ಮ ತಮ್ಮನಿಗೆ ಹೇಳಿದ್ವಲ್ಲಮ್ಮ," ಅಂದಳು ಪರೀಕ್ಷೆ ಮಾಡಿದಾಕೆ.

ಅದಕ್ಕೇನೋ ನಿನ್ನ ಮಗನ ಹೆಂಡತಿ ಬಸುರಿಯಾದಾಗ, "ಅವಳಿಗೆ ಕಹಿ ಸೇರಲ್ಲ, ಬಿಡಕ್ಕಾ" ಅಂದಿದ್ದು? ನನ್ನ ಮಗಳಿಗೆ ಮಾತ್ರ ಗಂಟುಗಟ್ಟಲೆ ಕಷಾಯದ ಬೇರು ತಂದುಕೊಟ್ಟೆ. ನಿಜ ಹೇಳಿದ್ದರೆ ನಾಟಿವೈದ್ಯನೆಂಬ ಹೆಸರು ಕೆಡುತ್ತಿತ್ತೇ? ಅಕ್ಕನ ಹತ್ತಿರವೂ?

ಅವಳೀಗ ತುಂಬಿದ ಹೊಟ್ಟೆ ಹೊತ್ತು, ಲೋಟ ಹಿಡಿದು ನನ್ನೆದುರು ನಿಂತಿದ್ದಾಳೆ. "ಅಮ್ಮಾ, ಮಾವನ ಕಷಾಯ ಇನ್ನೂ ಆಗಿಲ್ವಾ?"

ಒಲೆ ಹಚ್ಚಿಲ್ಲ. ನೀನು ನುಂಗಿಕೊಂಡ ಮಾತನ್ನು ಈಗ ನಾನು ಅವಳಿಗೆ ಹೇಳಬೇಕು.